ಮರುಳಯ್ಯನವರ ಗದ್ಯಾಣ

ಅರಸೀಕೆರೆಯ ಕೊಬ್ಬರಿ ವರ್ತಕ ಕರಿಬಸವಯ್ಯನಿಗೆ ತನ್ನ ಕಣ್ಣು ಕಿವಿಯ ಮೇಲೆ ಇದ್ದ ಭರವಸೆ ಹೆಂಡತಿ ಮಕ್ಕಳ ಮೇಲೂ ಇರಲಿಲ್ಲ. ಮಂಡಿಗೆ ಬಂದ ಮೂಟೆಗೆ ಕೈ ಹಾಕಿ ಎರಡು ಕೊಬ್ಬರಿ ಗಿಟುಕು ಈಚೆ ತೆಗೆದು, ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟಿದನೆಂದರೆ ಮಾಲಿನ ಹಣೆಬರಹ ಹೇಳಿಬಿಡುತ್ತಿದ್ದ. ಗಂಡಸಿ ಕಡೆಯ ರೈತರು ಒಳಗೊಳಗೇ ಏನು ಗೊಣಗಿಕೊಂಡರೂ ಎದುರಾಡುತ್ತಿರಲಿಲ್ಲ. "ಯಜಮಾನ್ರು ತಟ್ಟವ್ರೆ ಅಂದ್ಮೇಲೆ ಇನ್ನೇನೈತೆ" ಎಂದು ಮೂಟೆಯ ಬಾಯಿ ಕಟ್ಟುತ್ತಿದ್ದರು. ಜೀವಮಾನವೆಲ್ಲ ಯಾರೂ ಎದುರಾಡದೇ ಹೋದರೆ ಎಂಥವನ ತಲೆಯಾದರೂ ಸ್ವಲ್ಪ ತಿರುಗುತ್ತದೆ. ಕರಿಬಸವಯ್ಯನದೂ ತಿರುಗಿತ್ತು. ಸಾಧು ಮನುಷ್ಯನಾದ್ದರಿಂದ ಅದು ಹೊರಗೆ ಕಾಣುತ್ತಿರಲಿಲ್ಲ, ಅಷ್ಟೆ.

ಕೊಬ್ಬರಿ ಅವನ ಹೊಟ್ಟೆಪಾಡು. ಹುಚ್ಚು ಮಾತ್ರ ಹಳೇ ನಾಣ್ಯದ್ದು. ಆ ಹುಚ್ಚು ಹತ್ತಿದ್ದು ಹಳೇಬೀಡಿನಲ್ಲಿ, ಗೆಳೆಯ ಗಂಗಾಧರಯ್ಯನ ಅಪ್ಪ ಮರುಳಯ್ಯನವರಿಂದ. ಇಬ್ಬರು ಹುಡುಗರೂ ಮಠದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ರಜೆಗೆ ಹೋದಾಗ ಗಂಗಾಧರಯ್ಯ ಕೆರೆ ಏರಿಯ ಮೇಲೆ ಅಲೆಯುತ್ತಿದ್ದರೆ ಕರಿಬಸವಯ್ಯ ಬಸ್ ಸ್ಟ್ಯಾಂಡಿನ ಎದುರಿನ ಬಟ್ಟೆ ಅಂಗಡಿಯಲ್ಲಿ ಮರುಳಯ್ಯನವರ ಕಾಲ ಬಳಿ ಕೂತಿರುತ್ತಿದ್ದ. ಅವರು ಗಿರಾಕಿಯನ್ನು ನಿಲ್ಲಿಸಿಕೊಂಡೇ ಭೂತಗನ್ನಡಿ ಹಿಡಿದು ನಾಣ್ಯ ನೋಡುವ ಆಸಾಮಿ. ಲಂಗದ ಬಟ್ಟೆ ಕೇಳಲು ಬಂದವಳಿಗೆ ಹೊಯ್ಸಳ ದೊರೆ ವಿಷ್ಣುವರ್ಧನನ ಕಥೆ ಹೇಳಿ ಕಳಿಸುತ್ತಿದ್ದರು. ಬಸ್ ಸ್ಟ್ಯಾಂಡಿನವರು ನಗುತ್ತಿದ್ದರು. ಅವರ ನಗು ಮರುಳಯ್ಯನವರಿಗೆ ತಾಕುತ್ತಿರಲಿಲ್ಲ, ಮಗನಿಗೆ ತಾಕುತ್ತಿತ್ತು.

ಕಣ್ಣು ಮುಚ್ಚುವ ಮುಂಚಿನ ವರ್ಷ ಮರುಳಯ್ಯನವರು ಕರಿಬಸವಯ್ಯನನ್ನು ಕರೆಸಿಕೊಂಡು ಅಂಗೈಯಲ್ಲಿ ಒಂದು ಚಿನ್ನದ ನಾಣ್ಯ ಇಟ್ಟರು. ಹೊಯ್ಸಳರ ಗದ್ಯಾಣ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಮೂರು ಸಾಲು ಹಳಗನ್ನಡದ ಅಕ್ಷರ. ಅದನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ತೋರಿಸಿದರು. "ನೋಡ್ಲಾ ಮಗಾ, ಅಂಚಿನಾಗೆ ಸೂಜಿಮೊನೆಯಷ್ಟು ಬೆಳಕು ಬತ್ತೈತಲ್ಲ? ಅಚ್ಚಿನ ಏಟಿಗೆ ಬಿಟ್ಟ ಬಿರುಕು ಅದು. ಎರಕ ಹೊಯ್ಯೋನು ಗೆರೆ ತರ್ತಾನೆ, ಬೆಳಕು ತರಕ್ಕಾಗಲ್ಲ." ಉಳಿದ ಒಂದು ಹಿಡಿ ನಾಣ್ಯ ಮಗನ ಪಾಲಿಗಿರಲಿ, ಇದು ಮಾತ್ರ ಓದಬಲ್ಲವನ ಹತ್ತಿರ ಇರಲಿ ಎಂದರು. ಗಂಗಾಧರಯ್ಯ ಪಕ್ಕದಲ್ಲಿರಲಿಲ್ಲ, ಗಿರಾಕಿಗೆ ಪಂಚೆ ತೆಗೆದು ತೋರಿಸುತ್ತಿದ್ದ.

ನಾಣ್ಯ ಮನೆಗೆ ಬಂದದ್ದೇ ತಡ ಹೊಸ ತಲೆನೋವು ಶುರುವಾಯಿತು. ಕರಿಬಸವಯ್ಯನ ಹೆಂಡತಿ ಸುಮಿತ್ರಮ್ಮನ ಮನೆತನದಲ್ಲಿ ಶುಕ್ರವಾರವೆಂದರೆ ಪೂಜೆಯ ಚಿನ್ನ ಬೆಳ್ಳಿಯನ್ನೆಲ್ಲ ತೊಳೆಯಲೇಬೇಕು. ಹುಣಸೆಹಣ್ಣು ಹಾಕಿ ನೆನೆಸಿ, ವಿಭೂತಿ ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿ ಫಳಫಳ ಅನ್ನಿಸಿ ಲಕ್ಷ್ಮಿಯ ಮುಂದೆ ಇಡಬೇಕು. ಹಳೇ ನಾಣ್ಯವನ್ನು ಉಜ್ಜುವುದೆಂದರೆ ಸಂಗ್ರಹಕಾರನ ಮೈ ಚರ್ಮ ಸುಲಿದ ಹಾಗೆ. ಕರಿಬಸವಯ್ಯ ಹೇಳಿ ನೋಡಿದ, ರೇಗಿ ನೋಡಿದ. ಕೊನೆಗೆ ಬೇಲೂರಿನ ಒಬ್ಬ ಅಕ್ಕಸಾಲಿಗನಿಂದ ಅದೇ ಅಳತೆಗೆ, ಅದೇ ತೂಕಕ್ಕೆ ಚಿನ್ನದಲ್ಲೇ ಒಂದು ಪಡಿಯಚ್ಚು ಎರಕ ಹೊಯ್ಯಿಸಿದ. ನಕಲು ದೇವರ ಮನೆಗೆ, ಅಸಲು ಬೀರುವಿಗೆ. ಸಂಸಾರದಲ್ಲಿ ಶಾಂತಿ ನೆಲೆಸಿತು ಅಂದುಕೊಂಡ. ಹನ್ನೆರಡು ವರ್ಷ ಹಾಗೇ ಅಂದುಕೊಂಡಿದ್ದ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬೀರು ತೆಗೆದು ಕೂರುವುದು ಅವನ ರೂಢಿ. ಗದ್ಯಾಣವನ್ನು ಭೂತಗನ್ನಡಿಯಲ್ಲಿ ನೋಡುವನು, ಸಿಂಹದ ಬಾಲ ನೋಡುವನು, ಅಕ್ಷರ ಓದುವನು, ಮೆಚ್ಚಿ ತಲೆದೂಗಿ ಒಳಗಿಡುವನು. ಬಿಸಿಲಿಗೆ ಹಿಡಿದು ನೋಡಬೇಕೆಂದು ಒಂದು ಸಲವೂ ಅನ್ನಿಸಲಿಲ್ಲ. ಗೊತ್ತಿರುವುದನ್ನು ಯಾರು ಮತ್ತೆ ಪರೀಕ್ಷೆ ಮಾಡುತ್ತಾರೆ?

ಈಗಿನ ಕಾಲದ ಸಂಗ್ರಹಕಾರರು ಹಾಗಲ್ಲ. ಬೇಲೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಶರತ್ಚಂದ್ರ ಅಂಥವರಲ್ಲೊಬ್ಬ. ಹಾಸನದಲ್ಲಿ ನಾಣ್ಯಪ್ರಿಯರ ಸಭೆ ನಡೆದಾಗ ಕರಿಬಸವಯ್ಯ ಗದ್ಯಾಣ ತೆಗೆದು ತೋರಿಸಿದರೆ ಅವನು ಕೈಗೂ ತಗೊಳ್ಳದೆ ಕೇಳಿದ: "ಸರ್, ಇದು ಗ್ರೇಡಿಂಗ್ ಆಗಿದ್ಯಾ?"

ಗ್ರೇಡಿಂಗ್ ಎಂದರೆ ಏನೆಂದು ಅವನೇ ವಿವರಿಸಿದ. ಹೊರ ರಾಜ್ಯದಲ್ಲಿ ಒಂದು ಸಂಸ್ಥೆ ಇದೆ. ನಾಣ್ಯ ಕಳಿಸಿದರೆ ಪರಿಣತರು ನೋಡುತ್ತಾರೆ, ಅಸಲಿಯೋ ಅಲ್ಲವೋ ಹೇಳುತ್ತಾರೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಂಕ ಕೊಡುತ್ತಾರೆ, ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸೀಲ್ ಮಾಡಿ ಕಳಿಸುತ್ತಾರೆ. ಡಬ್ಬಿ ಒಡೆದರೆ ಅಂಕವೂ ಹೋಯಿತು, ನಂಬಿಕೆಯೂ ಹೋಯಿತು.

"ನಲವತ್ತು ವರ್ಷದಿಂದ ನಾನು ನೋಡ್ತಿದೀನಿ, ಸಾಲದಾ?" ಎಂದ ಕರಿಬಸವಯ್ಯ.

"ನನಗೆ ಸಾಕು ಸರ್. ಬೇರೆಯವರಿಗೆ ಬಾಯಿಮಾತು ಸಾಕಾಗಲ್ಲ. ಬರೋ ಪ್ರದರ್ಶನದಲ್ಲಿ ಸೀಲಾದ ನಾಣ್ಯ ಮಾತ್ರ ಇಡ್ತೀವಿ ಅಂತ ತೀರ್ಮಾನ ಆಗಿದೆ."

ಕರಿಬಸವಯ್ಯ ಒಂದು ವಾರ ಮುಖ ಗಂಟಿಕ್ಕಿಕೊಂಡು ತಿರುಗಿದ. ಆಮೇಲೆ ಶರತ್ಚಂದ್ರ ಫೋನ್ ಮಾಡಿ, ಡಬ್ಬಿಯ ಚೀಟಿಯ ಮೇಲೆ ನಾಣ್ಯ ಯಾರ ಸಂಗ್ರಹದ್ದೆಂದು ಹೆಸರೂ ಹಾಕಿಸಬಹುದು ಎಂದ. ಅಲ್ಲಿಗೆ ಅವನು ಮೆತ್ತಗಾದ. ಹಳೇಬೀಡಿಗೆ ಹೋಗಿ ಗಂಗಾಧರಯ್ಯನಿಗೆ ಹೇಳಿದ: "ನಿಮ್ಮಪ್ಪನ ಹೆಸರು ಹಾಕುಸ್ತೀನಿ ಕಣೋ. ಹಾಸನದಲ್ಲಿ ದೊಡ್ಡ ದೊಡ್ಡೋರು ನಿಂತ್ಕೊಂಡು ಓದ್ಬೇಕು."

ಗಂಗಾಧರಯ್ಯ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದ. ಕಣ್ಣು ತುಂಬಿಕೊಂಡವು. "ಬಸ್ ಸ್ಟ್ಯಾಂಡ್ನೋರ್ನೆಲ್ಲ ಒಂದ್ಸಲ ಅಲ್ಲಿಗೆ ಕರ್ಕೊಂಡ್ ಹೋಗ್ತೀನಿ ಕಣೋ" ಎಂದ. ಅವನು ಹಾಗೆ ಮಗುವಿನಂತೆ ನಕ್ಕದ್ದನ್ನು ಕರಿಬಸವಯ್ಯ ಹಾಸ್ಟೆಲಿನ ದಿನಗಳ ನಂತರ ನೋಡಿರಲಿಲ್ಲ.

ಬೀರುವಿನಲ್ಲಿದ್ದ ನಾಣ್ಯ ಹೋಯಿತು. ಎರಡು ತಿಂಗಳಾದ ಮೇಲೆ ವಾಪಸು ಬಂತು. ಡಬ್ಬಿಯಲ್ಲಿ ಬರಲಿಲ್ಲ, ಮಾತ್ರೆ ಕಟ್ಟಿಕೊಡುವಂಥ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ, ಸಂಸ್ಥೆಯ ಮುದ್ರೆಯಿದ್ದ ಒಂದು ಚೀಟಿಯ ಜೊತೆ ಬಂತು. ಶರತ್ಚಂದ್ರ ತಾನೇ ಬೇಲೂರಿನಿಂದ ಮಂಡಿಗೆ ತಂದುಕೊಟ್ಟ, ಕೂರಲೂ ಇಲ್ಲ. "ಅಸಲಿ ಅಲ್ಲ ಅಂದಿದಾರೆ ಸರ್. ಎರಕವಂತೆ, ಇತ್ತೀಚಿನದಂತೆ."

"ಅವರಿಗೆ ತಪ್ಪಾಗಲ್ವಾ?"

"ಅಂಕ ಕೊಡೋದ್ರಲ್ಲಿ ಆಗುತ್ತೆ ಸರ್. ಎರಕ ಅಂತ ಗುರುತಿಸೋದ್ರಲ್ಲಿ ಆಗಲ್ಲ."

ಕರಿಬಸವಯ್ಯ ಭೂತಗನ್ನಡಿ ತೆಗೆದ. ಸಿಂಹದ ಹೊಟ್ಟೆಯ ಕೆಳಗೆ, ಅಕ್ಷರಗಳ ಸಂದಿಯಲ್ಲಿ, ಎರಕದಲ್ಲಿ ಗಾಳಿ ಉಳಿದಾಗ ಆಗುವ ಸಣ್ಣ ಸಣ್ಣ ಕುಳಿಗಳು ಇದ್ದವು. ಇಷ್ಟು ಭಾನುವಾರವೂ ಅಲ್ಲೇ ಇದ್ದವು. ಮೂಟೆ ಬಿಚ್ಚಿ ಕಾಯುತ್ತಿದ್ದ ರೈತ "ಯಜಮಾನ್ರೇ" ಎಂದು ಕರೆದರೂ ಕೇಳಿಸಲಿಲ್ಲ.

ಮನುಷ್ಯನ ಮನಸ್ಸು ಇಂಥ ಹೊತ್ತಿನಲ್ಲಿ ಎಷ್ಟು ಹೇಡಿಯಾಗುತ್ತದೆ ನೋಡಿ. ನನ್ನ ಕಣ್ಣೇ ಕುರುಡು ಎನ್ನುವುದಕ್ಕಿಂತ ಸತ್ತವರು ಮೋಸ ಮಾಡಿದರು ಎನ್ನುವುದು ಅದಕ್ಕೆ ಸಲೀಸು. ದೇವರ ಮನೆಯಲ್ಲೊಂದು ನಕಲು ಇರುವುದು ಅವನಿಗೆ ನೆನಪಾಗದೆ ಇರಲಿಲ್ಲ. ಅಲ್ಲಿರುವುದು ನಕಲೇ ಎಂಬುದರಲ್ಲಿ ಅನುಮಾನವಿಲ್ಲದ್ದರಿಂದ ಅಲ್ಲಿಗೆ ಹೋಗಿ ನೋಡಲಿಲ್ಲ. ಹೆಂಡತಿಯ ಹತ್ತಿರ ಬಾಯಿ ಬಿಡಲಿಲ್ಲ. ಅವಳ ಮುಂದೆ ಮುಖ ಚಿಕ್ಕದಾಗುತ್ತದಲ್ಲ! ಮಾರನೇ ದಿನವೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದ.

ಗಂಗಾಧರಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ: "ಬಂತೇನೋ ಡಬ್ಬಿ?"

ಕರಿಬಸವಯ್ಯ ಕವರನ್ನು ಗಲ್ಲಾಪೆಟ್ಟಿಗೆಯ ಮೇಲೆ ಎಸೆದ. "ನಿಮ್ಮಪ್ಪ ನಂಗೆ ಕೊಟ್ಟಿದ್ದು ಎರಕದ್ದು ಕಣೋ. ನಕಲಿ. ಬರ್ದು ಕೊಟ್ಟವ್ರೆ, ಓದ್ಕೋ."

"ಏನಂತೀಯೋ?"

"ಬಟ್ಟೆ ಯಾಪಾರ್ದೋರು ಗಜದಾಗೆ ಕದ್ದಂಗೆ ಇದರಾಗೂ ಕೈಚಳಕ ತೋರ್ಸಿದ್ರು ಅಂತ ಕಾಣ್ತೈತೆ. ನಂಬಿದೋನ ಕಣ್ಣಿಗೆ ಮಣ್ಣೆರಚೋದು ಏನು ದೊಡ್ಡ ಕೆಲಸ?"

ಇಷ್ಟು ಹೇಳಬೇಕೆಂದು ಅವನು ಬಂದಿರಲಿಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು. ಗಂಗಾಧರಯ್ಯ ಬೈಯಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಚೀಟಿ ತೆಗೆದು ತಿರುವಿದ, ಅದರ ಮೇಲಿನ ಹೊಳೆಯುವ ಮುದ್ರೆಯನ್ನು ಬೆರಳಲ್ಲಿ ಸವರಿದ. ಅವನಿಗೆ ನಾಣ್ಯದ ಗಂಧಗಾಳಿ ಗೊತ್ತಿಲ್ಲ. ಗೊತ್ತಿದ್ದದ್ದು ಎರಡೇ ಮಾತು: ಅಪ್ಪ ಒಳ್ಳೆಯವರು, ಕರಿಬಸವ ಬಲ್ಲವನು. ಈಗ ಬಲ್ಲವನೇ ಬಂದು ಹೇಳುತ್ತಿದ್ದಾನೆ, ಮೇಲೆ ಮುದ್ರೆಯೂ ಬಿದ್ದಿದೆ. "ನೀನೇ ಅಂದ್ಮೇಲೆ ಇರ್ಬೈದು ಕಣೋ" ಎಂದಷ್ಟೇ ಹೇಳಿ ಚೀಟಿಯನ್ನು ಮಡಿಸಿ ನಾಣ್ಯದ ಜೊತೆ ವಾಪಸು ಕೊಟ್ಟ. ಕಾಫಿ ತರಿಸುತ್ತೇನೆ ಅನ್ನಲಿಲ್ಲ. ಕರಿಬಸವಯ್ಯನೂ ಕೂರಲಿಲ್ಲ.

ಅಲ್ಲಿಂದ ಮುಂದೆ ಫೋನಿಲ್ಲ, ಹೋಗಿಬರುವುದಿಲ್ಲ. ಹಾಸನದ ಪ್ರದರ್ಶನ ಅದರ ಪಾಡಿಗೆ ನಡೆಯಿತು. ಕರಿಬಸವಯ್ಯ ಹೋಗಲಿಲ್ಲ.

ದೀಪಾವಳಿ ಬಂತು. ಅಮಾವಾಸ್ಯೆಯ ದಿನ ಮಂಡಿಯ ಲಕ್ಷ್ಮೀಪೂಜೆ. ಸುಮಿತ್ರಮ್ಮ ಹಿತ್ತಲಿನ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೋಗುಣಿ ಇಟ್ಟುಕೊಂಡು ಕೂತಿದ್ದಳು. ತಟ್ಟೆಯಲ್ಲಿ ಬೆಳ್ಳಿಯ ದೀಪ, ಕುಂಕುಮದ ಭರಣಿ, ಅವುಗಳ ನಡುವೆ ಪೂಜೆಯ ಗದ್ಯಾಣ. ಅದನ್ನು ಕಂಡದ್ದೇ ಕರಿಬಸವಯ್ಯನ ಹೊಟ್ಟೆಯೊಳಗಿದ್ದದ್ದೆಲ್ಲ ಮೇಲೆ ಬಂತು.

"ಇನ್ನೂ ಯಾಕೆ ಅದನ್ನ ಉಜ್ಜುತ್ತಾ ಕೂತಿದೀಯೆ? ಇಲ್ಲಿ ಕೊಡು. ಅದೂ ಎರಕದ್ದೇ, ಒಳಗಿರೋದೂ ಎರಕದ್ದೇ. ಎರಡನ್ನೂ ಅಕ್ಕಸಾಲಿಗೆ ಕೊಟ್ಟು ಕರಗುಸ್ಬಿಡ್ತೀನಿ" ಎಂದು ತಟ್ಟೆಗೆ ಕೈ ಹಾಕಿದ.

ಸುಮಿತ್ರಮ್ಮ ಒದ್ದೆ ಕೈಯಲ್ಲೇ ನಾಣ್ಯವನ್ನು ಬಾಚಿಕೊಂಡು ಸೆರಗಿನೊಳಗೆ ಹಿಡಿದಳು. "ಬ್ಯಾಡಿ ಕಣ್ರೀ, ದಮ್ಮಯ್ಯ! ಇದು ಅಸಲೀದು!"

ಅವನಿಗೆ ಅರ್ಥವಾಗಲಿಲ್ಲ. ಅವಳು ತಲೆ ತಗ್ಗಿಸಿದಳು. "ನಕಲಿ ತಂದ್ಕೊಟ್ರಲ್ಲ, ಆ ವಾರವೇ ಅದ್ಲುಬದ್ಲು ಮಾಡ್ದೆ. ಸುಳ್ಳು ಲಕ್ಷ್ಮೀನ ಇಟ್ಟು ಹೆಂಗ್ರೀ ಕೈ ಮುಗಿಯೋದು? ಮಡಿಯುಟ್ಟು ಪೂಜೆ ಮಾಡೋಳು ನಾನು. ನಿಮಗೆ ನೋಡಕ್ಕೊಂದು ಬೇಕಾಗಿತ್ತು, ಅದು ಇದ್ದಂಗೇ ಐತಲ್ಲ ಅಂತ ಬೀರುವಿನಾಗೆ ಅದನ್ನ ಇಟ್ಟೆ. ನೀವೂ ವಾರವಾರ ನೋಡಿ ಖುಷಿಯಾಗೇ ಇದ್ರಿ. ಒಂದ್ಸಲಾದ್ರೂ ಗೊತ್ತಾಗಿದ್ರೆ ಹೇಳ್ಬಿಡ್ತಿದ್ದೆ."

ಅವಳ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೈದು ಹಗುರವಾಗುತ್ತಿದ್ದ. ಬೀರುವಿನ ನಾಣ್ಯ ಎಲ್ಲಿಗೆ ಹೋಗಿತ್ತು, ಏನಾಗಿ ಬಂತು ಎಂಬುದೊಂದೂ ಪಾಪ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ಅವನೇ.

ಕರಿಬಸವಯ್ಯ ಅವಳ ಕೈಯಿಂದ ನಾಣ್ಯ ತಗೊಂಡ. ವಾರವಾರವೂ ಹುಣಸೆಹುಳಿ, ವಿಭೂತಿ, ನಾರು ಕಂಡು ಸಿಂಹ ಸವೆದು ಬೆಕ್ಕಿನಂತಾಗಿತ್ತು. ಮೂರು ಸಾಲು ಅಕ್ಷರ ಬರೀ ಉಬ್ಬುತಗ್ಗಾಗಿ ಉಳಿದಿತ್ತು. ಹಿತ್ತಲಿನ ಬಿಸಿಲಿಗೆ ಹಿಡಿದ. ಅಂಚಿನಲ್ಲಿ, ಸೂಜಿಮೊನೆಯಷ್ಟು, ಬೆಳಕು ಬಂತು. ಕಟ್ಟೆಯ ಮೇಲೆ ಕೂತು ಹೆಂಡತಿಯ ಎದುರೇ ಬಿಕ್ಕಿ ಬಿಕ್ಕಿ ಅತ್ತ. ಅವಳು ನಾಣ್ಯ ಸವೆದದ್ದಕ್ಕೆ ಅಳುತ್ತಿದ್ದಾರೆಂದು ತಿಳಿದು "ಇನ್ಮೇಲೆ ಉಜ್ಜಲ್ಲ ಕಣ್ರೀ" ಎನ್ನುತ್ತಲೇ ಇದ್ದಳು.

ಹಬ್ಬ ಮುಗಿಯುವವರೆಗೂ ಅವನು ಕಾಯಲಿಲ್ಲ. ಮಾರನೇ ದಿನ ಬಲಿಪಾಡ್ಯಮಿ, ಅರ್ಧ ಅಂಗಡಿಗಳು ಮುಚ್ಚಿದ್ದವು. ಗಂಗಾಧರಯ್ಯನ ಅಂಗಡಿ ತೆರೆದಿತ್ತು. ಒಳಗೆ ಕಾಲಿಟ್ಟವನು ಮೊದಲು ನೋಡಿದ್ದು ಗೋಡೆಯನ್ನು. ಮರುಳಯ್ಯನವರ ಫೋಟೋ ಇದ್ದ ಜಾಗದಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು.

"ಬಾ, ಕೂತ್ಕೋ" ಎಂದ ಗಂಗಾಧರಯ್ಯ, ಜಗಳವೇ ಆಗಿಲ್ಲವೆಂಬಂತೆ. ಸೊಸೆ ಉಷಾರಾಣಿ ಅಂಗಡಿಯ ಹಿಂದಿದ್ದ ಮನೆಯಿಂದ ಕಾಫಿ ತಂದಳು. ಅವಳ ಕೈಯಲ್ಲಿ ಹೊಸ ಚಿನ್ನದ ಬಳೆಗಳಿದ್ದವು. ಕರಿಬಸವಯ್ಯ ಅವುಗಳನ್ನು ನೋಡಿದ್ದನ್ನು ಗಂಗಾಧರಯ್ಯ ನೋಡಿದ.

"ಅಪ್ಪ ಬಿಟ್ಟುಹೋದ ಚಿನ್ನದ ನಾಣ್ಯದ್ದು. ಎಲ್ಲಾ ಕರಗುಸ್ದೆ. ಒಂದು ಸುಳ್ಳಾದ್ಮೇಲೆ ಮಿಕ್ಕಿದ್ದು ಏನ್ ನಿಜ ಇರ್ತೈತೆ? ಅಕ್ಕಸಾಲಿ ಚಿನ್ನ ಚೆನ್ನಾಗೈತೆ ಅಂದ. ಅದೊಂದು ಪುಣ್ಯ. ನೀನು ಬಂದು ಹೇಳಿದ್ದು ಒಳ್ಳೇದಾಯ್ತು ಕಣೋ. ಇಲ್ದಿದ್ರೆ ನನ್ನ ಮಕ್ಕಳೂ ಅದ್ನೇ ನಂಬ್ಕೊಂಡು ಊರೋರ್ ಕೈಲಿ ನಗಿಸ್ಕೋತಿದ್ರು."

ಕಾಫಿ ಲೋಟ ಕೈಯಲ್ಲಿ ಸುಡುತ್ತಿತ್ತು. ಜೇಬಿನಲ್ಲಿ ಗದ್ಯಾಣವಿತ್ತು. ಹೇಳಿದರೆ, ಅಪ್ಪನ ನಿಜವಾದ ನಾಣ್ಯಗಳನ್ನು ತನ್ನ ಕೈಯಾರೆ ಕುಲುಮೆಗೆ ಹಾಕಿದೆನೆಂದು ಇವನು ಬದುಕಿರುವಷ್ಟು ದಿನ ಬೇಯಬೇಕು. ಹೇಳದಿದ್ದರೆ ಮರುಳಯ್ಯನವರು ಈ ಅಂಗಡಿಯಲ್ಲಿ ಮೋಸಗಾರರಾಗಿಯೇ ಉಳಿಯಬೇಕು. ಎರಡರಲ್ಲಿ ಯಾವುದು ಕರುಣೆ ಎಂದು ಕರಿಬಸವಯ್ಯನಿಗೆ ತಿಳಿಯಲಿಲ್ಲ. ಸತ್ತವರ ಹೆಸರು ಉಳಿಯಲಿ ಎಂದುಕೊಂಡು ಎಲ್ಲವನ್ನೂ ಹೇಳಿಬಿಟ್ಟ, ಸುಮಿತ್ರಮ್ಮನ ಅದಲುಬದಲನ್ನು, ತನ್ನ ಕುರುಡುತನವನ್ನು, ಬಿಸಿಲಿಗೆ ಹಿಡಿದದ್ದನ್ನು. ನಾಣ್ಯವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಈ ಸಲ ಎಸೆಯಲಿಲ್ಲ.

ಗಂಗಾಧರಯ್ಯ ಅದನ್ನು ತಗೊಂಡು ಬಾಗಿಲಿಗೆ ಹೋದ. ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

"ತೂತೈತೆ" ಎಂದ.

"ಬಿರುಕು ಕಣೋ. ನಿಮ್ಮಪ್ಪನೇ ಇಲ್ಲಿ, ಇದೇ ಬಾಗ್ಲಲ್ಲಿ ತೋರ್ಸಿದ್ರು."

"ನಂಗೆ ತೋರ್ಸಿರಲಿಲ್ಲ." ಗಂಗಾಧರಯ್ಯ ವಾಪಸು ಬಂದು ಕೂತ. "ಅಕ್ಷರವೇ ಇಲ್ವಲ್ಲೋ ಇದರಾಗೆ. ಅವತ್ತು ನೀನು ತಂದಿದ್ದು ನೋಡಕ್ಕೆ ಎಷ್ಟು ಚೆನ್ನಾಗಿತ್ತು, ಅದನ್ನ ಸುಳ್ಳು ಅಂದೆ. ಇವತ್ತು ಈ ಸವಕಲು ತಂದು ಇದು ನಿಜ ಅಂತೀಯ. ಎರಡನ್ನೂ ಹೇಳಿದೋನು ನೀನೇ. ನಾನು ಯಾವ ಮಾತು ಹಿಡ್ಕೊಳ್ಲಿ?"

"ನಿನ್ನಾಣೆ ಕಣೋ."

"ಆಣೆ ಬ್ಯಾಡ. ಅವರ ಹತ್ರ ಬರ್ಸ್ಕೊಂಡು ಬಾ. ಅವತ್ತು ತಂದ್ಯಲ್ಲ, ಆ ಮುದ್ರೆ ಇರೋದು. ಅದು ಬಂದ್ರೆ ಅಪ್ಪನ ಫೋಟೋ ಮತ್ತೆ ಗೋಡೆಗೆ ಹಾಕ್ತೀನಿ." ಆಮೇಲೆ ಸೊಸೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ಅದು ಬರ್ದೇ ಇದ್ರೂ ಪರವಾಗಿಲ್ಲ ಕಣೋ. ಬಂದ್ರೆ ಆ ಬಳೆ ನಾನು ಹೆಂಗೆ ನೋಡ್ಲಿ?"

ಶರತ್ಚಂದ್ರನ ಮೂಲಕವೇ ಮತ್ತೆ ಕಳಿಸಿದ್ದಾಯಿತು. ಸವೆದ ನಾಣ್ಯ ನೋಡಿ ಅವನ ಮುಖ ಸಣ್ಣದಾಯಿತು, ಆದರೂ ಕಟ್ಟಿಕೊಂಡು ಹೋದ. ಕರಿಬಸವಯ್ಯ ಇಂಥ ಪೂಜೆಯನ್ನು ಲಕ್ಷ್ಮಿಗೂ ಮಾಡಿರಲಿಲ್ಲ, ಊರು ಹೆಸರು ಗೊತ್ತಿಲ್ಲದ ಆ ಪರಿಣತರಿಗೆ ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಕೈ ಮುಗಿದ. ಅವರು ಮೊದಲನೆಯ ಸಲ ತಪ್ಪು ಹೇಳಿರಲಿಲ್ಲ. ನಕಲು ಕಳಿಸಿದ್ದ, ನಕಲು ಎಂದಿದ್ದರು. ಅವರಿಗೆ ತೋರಿಸಿದ್ದು ನಾಣ್ಯ, ತಾನು ತೀರ್ಪು ಬರೆದದ್ದು ಮನುಷ್ಯನ ಮೇಲೆ.

ಮಾಘದಲ್ಲಿ ಮತ್ತೆ ಅಂಥದೇ ಕವರು ಬಂತು. ಅದನ್ನು ಜೇಬಿಗೆ ಹಾಕಿಕೊಂಡು ಹಳೇಬೀಡಿಗೆ ಹೋದ. ಅಂಗಡಿಯಲ್ಲಿ ಹುಲಿಕೆರೆಯ ಹೆಂಗಸೊಬ್ಬಳು ರವಿಕೆ ಬಟ್ಟೆ ಆರಿಸುತ್ತಿದ್ದಳು. ಗಂಗಾಧರಯ್ಯ ಅಳತೆ ಕೋಲು ಹಿಡಿದವನು ತಲೆಯೆತ್ತಿ ನೋಡಿದ. ಕ್ಯಾಲೆಂಡರಿನ ಕೆಳಗೆ, ಗೋಡೆಗೆ ಒರಗಿಸಿ, ಮರುಳಯ್ಯನವರ ಫೋಟೋ ಇತ್ತು. ಗಾಜು ಒರೆಸಿ ವಿಭೂತಿ ಹಚ್ಚಿ ತಯಾರು ಮಾಡಿ ಇಟ್ಟುಕೊಂಡಿದ್ದ.

"ಏನಂದ್ರೋ?"

"ಉಜ್ಜಿ ಉಜ್ಜಿ ಮೇಲ್ಮೈ ಹಾಳಾಗೈತಂತೆ. ಅಸಲಿಯೋ ಅಲ್ವೋ ಹೇಳಕ್ಕಾಗಲ್ಲ ಅಂತ ಬರ್ದವ್ರೆ."

"ಹೇಳಕ್ಕಾಗಲ್ವಂತಾ?"

"ಹೂಂ."

ಗಂಗಾಧರಯ್ಯನ ಮುಖದಲ್ಲಿ ಒಂದು ಕ್ಷಣ ಸಮಾಧಾನದಂಥದ್ದು ಬಂತು. ಅದನ್ನು ಕಂಡದ್ದೇ ಕರಿಬಸವಯ್ಯನಿಗೆ ಎಲ್ಲ ಮುಗಿಯಿತೆಂದು ತಿಳಿಯಿತು. "ನಾನು ಹೇಳ್ತಿದೀನಲ್ಲೋ ಗಂಗಣ್ಣ, ಅದು ಅಸಲೀದು. ನಿಮ್ಮಪ್ಪ ಸುಳ್ಳುಗಾರ ಅಲ್ಲ. ನಾನು ಹೇಳ್ತಿದೀನಿ" ಎಂದ.

"ಹೂಂ ಕಣೋ" ಎಂದ ಗಂಗಾಧರಯ್ಯ ಬೇಸರವಿಲ್ಲದೆ, "ನೀನು ಹೇಳ್ತಿದೀಯ." ಆಮೇಲೆ ಬಗ್ಗಿ ಫೋಟೋವನ್ನು ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿಟ್ಟು, ಆ ಹೆಂಗಸಿಗೆ ಒಂದು ಮೀಟರ್ ಅಳೆದು ಹರಿದುಕೊಟ್ಟ.